ಹಗ್ಗ ಎಳೆದರೂ ಹೊತ್ತದ ದೋಣಿ ಮೋಟಾರು

ರೋಣ ಸೀಮೆಯ ಅಬ್ಬಿಗೇರಿಯ ಎರೆಹೊಲಗಳ ನಡುವೆ ನಿಂತು ದೋಣಿ ಮೋಟಾರಿನ ಮಾತೆತ್ತಿದರೆ ಕೇಳಿದವರು ನಕ್ಕಾರು. ದೋಣಿ ಓಡಿಸುವಂಥ ಹೊಳೆ ಊರ ಬಳಿ ಇಲ್ಲ. ಆದರೆ ಇದೇ ಸೀಮೆಯ ಇನ್ನೊಂದು ಅಂಚಿನಲ್ಲಿ ಮಲಪ್ರಭೆ ಹರಿಯುತ್ತದೆ. 2009ರಲ್ಲಿ ಒಮ್ಮೆ, 2019ರ ಆಗಸ್ಟ್‌ನಲ್ಲಿ ಮತ್ತೊಮ್ಮೆ ಅದು ಉಕ್ಕಿದಾಗ ನರಗುಂದ ತಾಲ್ಲೂಕಿನ ಕೊಣ್ಣೂರು, ರೋಣ ತಾಲ್ಲೂಕಿನ ಹೊಳೆಆಲೂರು ಸುತ್ತಲಿನ ಊರುಗಳಿಗೆ ನೀರು ನುಗ್ಗಿತು. ಅಂಥ ಹೊತ್ತಿನಲ್ಲಿ ಮಾಳಿಗೆ ಏರಿ ಕುಳಿತವರನ್ನು ಕರೆತರಲು ಹಿಂಬದಿಗೆ ಮೋಟಾರು ಬಿಗಿದ ದೋಣಿಯೇ ಬೇಕು.

ಇಂಥ ಮೋಟಾರಿನ ಕಷ್ಟವೆಂದರೆ ಅದಕ್ಕೆ ಕೆಲಸ ಕಡಿಮೆ. ಮಲ್ಪೆಯ ಮೀನುಗಾರನ ಮೋಟಾರು ಋತುವಿನಲ್ಲಿ ದಿನವೂ ಓಡುತ್ತದೆ. ಒಳನಾಡಿನ ಮೋಟಾರು ವರ್ಷಗಟ್ಟಲೆ ಉಗ್ರಾಣದಲ್ಲಿ ಮಲಗಿ, ನೀರು ಬಂದ ರಾತ್ರಿ ಎಚ್ಚರಗೊಳ್ಳಬೇಕು. ಯಂತ್ರಗಳು ದುಡಿದು ಕೆಡುವುದಕ್ಕಿಂತ ಕೂತು ಕೆಡುವುದೇ ಹೆಚ್ಚು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗದು.

ದೋಣಿಯ ಹೊರಗೆ, ಹಿಂಬದಿಯ ಹಲಗೆಗೆ ತಗುಲಿಹಾಕುವ ಮೋಟಾರು ಹೊಸದೇನಲ್ಲ. ಅಮೆರಿಕದಲ್ಲಿ ನೆಲೆಸಿದ್ದ ನಾರ್ವೆ ಮೂಲದ ಓಲೆ ಎವಿನ್‌ರೂಡ್ 1909ರಲ್ಲಿ ಮಾರಾಟಕ್ಕಿಟ್ಟ ಒಂದೂವರೆ ಅಶ್ವಶಕ್ತಿಯ ಯಂತ್ರದಿಂದ ಅದು ಜನಪ್ರಿಯವಾಯಿತು. ಹಳೆಯ ಮಾದರಿಗಳಲ್ಲಿ ಬಹುಪಾಲು ಎರಡು ಹೊಡೆತದ, ಅಂದರೆ ಟೂ-ಸ್ಟ್ರೋಕ್ ಎಂಜಿನ್. ಹೊಲಕ್ಕೆ ಔಷಧ ಸಿಂಪಡಿಸಲು ಬೆನ್ನಿಗೇರಿಸಿಕೊಳ್ಳುವ ಪೆಟ್ರೋಲ್ ಸ್ಪ್ರೇಯರ್‌ಗಳಲ್ಲಿ ಹಲವು ಇದರ ಹತ್ತಿರದ ನಂಟರು. ಆದ್ದರಿಂದ ಅಬ್ಬಿಗೇರಿಯ ಶಾಲೆಯಲ್ಲಿ ದೋಣಿ ಇಲ್ಲದಿದ್ದರೂ ಈ ಪಾಠಕ್ಕೆ ಯಂತ್ರವಿದೆ.

ಹಗ್ಗ ನಾಲ್ಕು ಸಲ ಎಳೆದೂ ಹೊತ್ತದಿದ್ದರೆ ಕೈಗೆ ಸ್ಪ್ಯಾನರ್ ತೆಗೆದುಕೊಂಡು ಕಾರ್ಬ್ಯುರೇಟರ್ ಬಿಚ್ಚಲು ತೊಡಗುವವರೇ ಹೆಚ್ಚು. ಅದು ಅವಸರದ ಕೆಲಸ. ಎಂಜಿನ್ ಹೊತ್ತಲು ಬೇಕಾದವು ಮೂರೇ: ಸರಿಯಾದ ಹೊತ್ತಿಗೆ ಬಲವಾದ ಕಿಡಿ, ಗಾಳಿಯೊಡನೆ ತಕ್ಕ ಪ್ರಮಾಣದಲ್ಲಿ ಬೆರೆತ ಇಂಧನದ ಆವಿ, ಆ ಮಿಶ್ರಣವನ್ನು ಅದುಮುವ ಸಂಪೀಡನ. ಇವುಗಳಲ್ಲಿ ಯಾವುದು ಇಲ್ಲ ಎಂಬುದನ್ನು ಮೊದಲು ಯಂತ್ರದಿಂದಲೇ ಕೇಳಿ ತಿಳಿಯಬೇಕು.

ಅದಕ್ಕೂ ಮುನ್ನ ಬಿಚ್ಚದೆ ನೋಡುವ ಸಂಗತಿಗಳು. ಚಾಲಕ ನೀರಿಗೆ ಬಿದ್ದರೆ ಮೋಟಾರು ನಿಲ್ಲಲೆಂದು ಇರುವ ಕೆಂಪು ದಾರದ ಕ್ಲಿಪ್ ತನ್ನ ಜಾಗದಲ್ಲಿದೆಯೇ? ಗೇರು ನ್ಯೂಟ್ರಲ್‌ನಲ್ಲಿದೆಯೇ? ಟ್ಯಾಂಕಿನ ಮುಚ್ಚಳದ ಗಾಳಿತಿರುಪು ಸಡಿಲಿಸಿದೆಯೇ? ಎಣ್ಣೆ ಡಬ್ಬಿಗೆ ಒಂದೇ ತೂತು ಹೊಡೆದರೆ ಎಣ್ಣೆ ಸರಾಗವಾಗಿ ಬೀಳದು ಎಂಬುದು ಅಡುಗೆಮನೆಯಲ್ಲಿ ಎಲ್ಲರಿಗೂ ಗೊತ್ತು. ಇಲ್ಲೂ ಅಷ್ಟೇ. ಪೆಟ್ರೋಲು ಹೊರಟಷ್ಟೂ ಟ್ಯಾಂಕಿನೊಳಗಿನ ಒತ್ತಡ ಇಳಿಯುತ್ತದೆ. ಗಾಳಿ ಒಳಬಾರದಿದ್ದರೆ ಹರಿವು ನಿಲ್ಲುತ್ತದೆ. ಹೊತ್ತಿ ಐದು ನಿಮಿಷಕ್ಕೆ ಆರುವ ಮೋಟಾರಿಗೆ ಎಷ್ಟೋ ಸಲ ಇದೇ ಕಾರಣ.

ಪ್ಲಗ್ ನುಡಿಯುವ ಸಾಕ್ಷಿ

ಚೋಕ್ ಎಳೆದು ಹಲವು ಬಾರಿ ಹಗ್ಗ ಎಳೆದ ಮೇಲೆ ಸ್ಪಾರ್ಕ್ ಪ್ಲಗ್ ಬಿಚ್ಚಿ ಅದರ ತುದಿ ನೋಡಿ. ಒಣಗಿದ್ದರೆ ಇಂಧನ ಉರುಳೆಯವರೆಗೆ ಬರುತ್ತಿಲ್ಲ. ಒದ್ದೆಯಾಗಿದ್ದರೆ ಇಂಧನ ಬರುತ್ತಿದೆ; ಕಿಡಿಯಲ್ಲಿ ದೋಷವಿರಬೇಕು, ಅಥವಾ ಇಂಧನ ಮಿತಿಮೀರಿ ತುಂಬಿರಬೇಕು. ಒಂದೇ ನೋಟದಲ್ಲಿ ಅರ್ಧ ಯಂತ್ರ ನಿರಪರಾಧಿಯಾಯಿತು. ಪ್ಲಗ್ ಬಿಚ್ಚಿದ ರಂಧ್ರಕ್ಕೆ ಹೆಬ್ಬೆರಳು ಒತ್ತಿ ಇನ್ನೊಬ್ಬರಿಂದ ಹಗ್ಗ ಎಳೆಸಿದರೆ ಬೆರಳು ಸದ್ದಿನೊಡನೆ ಹಾರಬೇಕು. ಹಾರದಿದ್ದರೆ ಪಿಸ್ಟನ್ನಿನ ಬಳೆಗಳು ಸವೆದಿವೆ, ಇಲ್ಲವೇ ಮಸಿಗಟ್ಟಿ ಅಂಟಿಕೊಂಡಿವೆ. ಈ ಪರೀಕ್ಷೆ ಮಾಡುವಾಗ ಕೆಂಪು ದಾರದ ಕ್ಲಿಪ್ ತೆಗೆದಿರಬೇಕು.

ಕಿಡಿ ನೋಡುವುದಕ್ಕೆ ಪ್ಲಗ್ಗನ್ನು ಅದರ ಟೋಪಿಗೆ ಸಿಕ್ಕಿಸಿ, ಲೋಹದ ಭಾಗವನ್ನು ಎಂಜಿನ್ನಿನ ಮೈಗೆ ತಾಗಿಸಿ ಹಗ್ಗ ಎಳೆಯುತ್ತಾರೆ. ಕ್ಲಿಪ್ ಈಗ ಮತ್ತೆ ತನ್ನ ಜಾಗದಲ್ಲಿರಬೇಕು, ಇಲ್ಲದಿದ್ದರೆ ಕಿಡಿಯೇ ಹುಟ್ಟದು. ಪ್ಲಗ್ ರಂಧ್ರದಿಂದ ಪೆಟ್ರೋಲಿನ ತುಂತುರು ಹೊರಚಿಮ್ಮುವ ಕಾರಣ ಪ್ಲಗ್ಗನ್ನು ಅದರಿಂದ ದೂರ ಹಿಡಿಯಬೇಕು, ಬರಿಗೈಯಲ್ಲಿ ಹಿಡಿಯಬಾರದು. ಹತ್ತು ಸಾವಿರ ವೋಲ್ಟ್ ದಾಟುವ ವಿಭವ ಅಲ್ಲಿರುತ್ತದೆ.

ಇಲ್ಲೊಂದು ಮೋಸವಿದೆ. ಹೊರಗೆ ಕಿಡಿ ಕಂಡಿತು, ಆದರೂ ಎಂಜಿನ್ ಹೊತ್ತದು. ಬಯಲಿನ ಗಾಳಿಯಲ್ಲಿ ಒಂದು ಮಿಲಿಮೀಟರ್ ಅಂತರ ದಾಟಲು ಸುಮಾರು 3ರಿಂದ 4 ಸಾವಿರ ವೋಲ್ಟ್ ಸಾಕು. ಅದುಮಿದ ಗಾಳಿಯಲ್ಲಿ ಅಣುಗಳು ಒತ್ತೊತ್ತಾಗಿರುತ್ತವೆ. ವೇಗ ಪಡೆಯುವ ಮೊದಲೇ ಇಲೆಕ್ಟ್ರಾನುಗಳು ಅವಕ್ಕೆ ಡಿಕ್ಕಿ ಹೊಡೆಯುವುದರಿಂದ ಅದೇ ಅಂತರಕ್ಕೆ ಹಲವು ಪಟ್ಟು ವೋಲ್ಟೇಜ್ ಬೇಕಾಗುತ್ತದೆ. ಆದ್ದರಿಂದ ಹೊರಗೆ ಕೆಂಪಾಗಿ, ಸೊರಗಿ ಕಾಣುವ ಕಿಡಿ ಒಳಗೆ ಹುಟ್ಟುವುದೇ ಇಲ್ಲ. ನೀಲಿಯಾಗಿ ಚಟಚಟಿಸುವ ಕಿಡಿಯನ್ನಷ್ಟೇ ನಂಬಬೇಕು.

ಕಿಡಿಗೆ ಬೇಕಾದ ವಿದ್ಯುತ್ತು ಎಲ್ಲಿಂದ? ಕೈಹಗ್ಗದ ಹಳೆಯ ಮೋಟಾರಿಗೆ ಬ್ಯಾಟರಿ ಇರುವುದಿಲ್ಲ. ಫ್ಲೈವೀಲಿನ ಕಾಂತಗಳು ಸುರುಳಿಯ ಮುಂದೆ ಹಾಯುವಾಗ ವಿದ್ಯುತ್ತು ಪ್ರೇರಿತವಾಗುತ್ತದೆ. ಫ್ಯಾರಡೆ 1831ರಲ್ಲಿ ಕಂಡುಕೊಂಡಂತೆ, ಪ್ರೇರಿತ ವಿಭವ ಕಾಂತಕ್ಷೇತ್ರ ಎಷ್ಟಿದೆ ಎಂಬುದನ್ನಲ್ಲ, ಎಷ್ಟು ಬೇಗ ಬದಲಾಗುತ್ತದೆ ಎಂಬುದನ್ನು ಅವಲಂಬಿಸಿದೆ. ಮೆಲ್ಲಗೆ ಇಪ್ಪತ್ತು ಸಲ ಎಳೆದರೆ ಫಲವಿಲ್ಲ. ಮೊದಲು ಬಿಗಿ ತಾಗುವವರೆಗೆ ಹಗ್ಗವನ್ನು ನಿಧಾನವಾಗಿ ಎಳೆದು, ಅಲ್ಲಿಂದ ಒಂದೇ ಜಗ್ಗಿಗೆ ಎಳೆಯಬೇಕು. ದಣಿದ ಕೈ ಬದಲಿಸಿದ್ದೇ ಎಂಜಿನ್ ಹೊತ್ತಿದರೆ ಅದು ಕೈಗುಣವಲ್ಲ, ಫ್ಯಾರಡೆಯ ನಿಯಮ. ಪಾಯಿಂಟ್ ಇರುವ ಮಾದರಿಗಳಲ್ಲಿ ಕೂತ ಕಾಲದಲ್ಲಿ ಪಾಯಿಂಟಿನ ಮೇಲೆ ಆಕ್ಸೈಡಿನ ಪೊರೆ ಕಟ್ಟುತ್ತದೆ. ನಯವಾದ ಮರಳುಕಾಗದದಿಂದ ತೀಡಿ, ಒಣ ರಟ್ಟಿನ ಚೂರಿನಿಂದ ಒರೆಸಿದರೆ ಸಾಮಾನ್ಯವಾಗಿ ಸಾಕು.

ಹಳಸಿದ ಪೆಟ್ರೋಲು

ಕೂತ ಮೋಟಾರುಗಳಲ್ಲಿ ನಿಜವಾದ ಅಪರಾಧಿ ಹೆಚ್ಚಾಗಿ ಇಂಧನವೇ. ಪೆಟ್ರೋಲು ಒಂದೇ ವಸ್ತುವಲ್ಲ, ಹಗುರ ಮತ್ತು ಭಾರದ ಅನೇಕ ಹೈಡ್ರೊಕಾರ್ಬನ್‌ಗಳ ಬೆರಕೆ. ತಣ್ಣನೆಯ ಎಂಜಿನ್ನನ್ನು ಹೊತ್ತಿಸುವುದು ಸುಲಭವಾಗಿ ಆವಿಯಾಗುವ ಹಗುರ ಭಾಗ. ಸಂಗ್ರಹದಲ್ಲಿ ಮೊದಲು ಹಾರಿಹೋಗುವುದೂ ಅದೇ. ಉಳಿದದ್ದು ಗಾಳಿಯ ಆಕ್ಸಿಜನ್ನಿನೊಡನೆ ಸೇರಿ ಕಾರ್ಬ್ಯುರೇಟರಿನ ಬಟ್ಟಲಲ್ಲಿ ಕಂದು ಮೆರುಗೆಣ್ಣೆಯಂಥ ಅಂಟಾಗುತ್ತದೆ. ಅರ್ಧ ಮಿಲಿಮೀಟರಿಗಿಂತ ಕಿರಿದಾದ ಪೈಲಟ್ ಜೆಟ್ಟಿನ ರಂಧ್ರ ಮುಚ್ಚಲು ಅಷ್ಟು ಸಾಕು.

ಅನುಮಾನ ಪರಿಹರಿಸಿಕೊಳ್ಳಲು ಪ್ಲಗ್ ರಂಧ್ರಕ್ಕೆ ಅರ್ಧ ಚಮಚ ಹೊಸ ಪೆಟ್ರೋಲು ಹಾಕಿ, ಪ್ಲಗ್ ಬಿಗಿದು ಹಗ್ಗ ಎಳೆಯಿರಿ. ಎರಡು ಕ್ಷಣ ಗುಡುಗಿ ಆರಿದರೆ ಕಿಡಿ, ಸಂಪೀಡನ ಎರಡೂ ಸರಿಯಿವೆ. ಆಗ ಕಾರ್ಬ್ಯುರೇಟರ್ ಬಿಚ್ಚಲು ಅಡ್ಡಿಯಿಲ್ಲ. ಜೆಟ್ಟನ್ನು ದ್ರಾವಕದಲ್ಲಿ ನೆನೆಸಿ ಗಾಳಿ ಊದಬೇಕೇ ಹೊರತು ತಂತಿ ತೂರಿಸಬಾರದು. 0.4 ಮಿ.ಮೀ. ರಂಧ್ರ 0.5 ಆದರೆ ಅದರ ವಿಸ್ತೀರ್ಣ ಶೇಕಡಾ 56ರಷ್ಟು ಹೆಚ್ಚುತ್ತದೆ. ಮುಂದೆ ಎಂಜಿನ್ ಹೊಗೆಯುಗುಳುತ್ತ ಕೆಮ್ಮುತ್ತದೆ.

ಈಚಿನ ಇನ್ನೊಂದು ಸಂಗತಿ ಎಥನಾಲ್. 2025ರ ಹೊತ್ತಿಗೆ ದೇಶದ ಪೆಟ್ರೋಲಿನಲ್ಲಿ ಅದರ ಬೆರಕೆ ಶೇಕಡಾ 20 ಮುಟ್ಟಿತು. ಎಥನಾಲ್ ನೀರನ್ನು ಹೀರುತ್ತದೆ. ನೀರು ಮಿತಿಮೀರಿದಾಗ ಎರಡೂ ಕೂಡಿ ಪೆಟ್ರೋಲಿನಿಂದ ಬೇರ್ಪಟ್ಟು ತಳ ಸೇರುತ್ತವೆ. ಟ್ಯಾಂಕಿನ ಹೀರುಕೊಳವೆ ಇರುವುದು ತಳದಲ್ಲಿಯೇ! ಆ ಪದರದಲ್ಲಿ, ಟೂ-ಸ್ಟ್ರೋಕ್ ಎಂಜಿನ್ನಿಗಾಗಿ ನಾವು ಬೆರೆಸಿದ ಎಣ್ಣೆ ಇರುವುದಿಲ್ಲ. ಒಂದು ವೇಳೆ ಎಂಜಿನ್ ಹೊತ್ತಿದರೂ ನಯವಿಲ್ಲದೆ ಸವೆಯುತ್ತದೆ. ಶಿಕ್ಷಕರು ಬಯಲಿನಲ್ಲಿ, ಬೆಂಕಿಯಿಂದ ದೂರ, ಅಳತೆಗೊಳವೆಯಲ್ಲಿ 50 ಮಿ.ಲೀ. ಪೆಟ್ರೋಲಿಗೆ 50 ಮಿ.ಲೀ. ನೀರು ಸೇರಿಸಿ ಅಲುಗಿಸಿ ತೋರಿಸಬಹುದು: ನೀರಿನ ಪದರ 60ರ ಹತ್ತಿರಕ್ಕೆ ಏರುತ್ತದೆ.

ಕರಾವಳಿಯ ನಾಡದೋಣಿಗಳು ದಶಕಗಳ ಕಾಲ ಬಳಸಿದ ಸೀಮೆಎಣ್ಣೆ ಮೋಟಾರಿನದು ಬೇರೆಯೇ ಕಥೆ. ಅದನ್ನು ಪೆಟ್ರೋಲಿನಲ್ಲಿ ಹೊತ್ತಿಸಿ, ಕಾದ ಮೇಲೆ ಸೀಮೆಎಣ್ಣೆಗೆ ತಿರುಗಿಸುತ್ತಾರೆ. ಏಕೆಂದರೆ ಉರಿಯುವುದು ದ್ರವವಲ್ಲ, ಅದರ ಆವಿ. ಪೆಟ್ರೋಲು ಸೊನ್ನೆಗಿಂತ ಬಹಳ ಕೆಳಗಿನ ತಾಪದಲ್ಲೂ ಹೊತ್ತುವಷ್ಟು ಆವಿ ಕೊಡುತ್ತದೆ. ಸೀಮೆಎಣ್ಣೆಗೆ ಸುಮಾರು 35 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚಿನ ತಾಪ ಬೇಕು. ನಿಲ್ಲಿಸುವ ಮುನ್ನ ಮತ್ತೆ ಪೆಟ್ರೋಲಿಗೆ ತಿರುಗಿಸಲು ಮರೆತರೆ ಬಟ್ಟಲಲ್ಲಿ ಸೀಮೆಎಣ್ಣೆ ಉಳಿದು ಮರುದಿನ ಬೆಳಿಗ್ಗೆ ಹಗ್ಗ ಎಳೆದವನ ತೋಳು ಸೋಲುತ್ತದೆ. ನಮ್ಮ ಕಡೆಯ ಹಳೆಯ ಚಿಮಣಿ ಎಣ್ಣೆ ಪಂಪಿನ ಒಡೆಯರಿಗೂ ಈ ಶಾಸ್ತಿ ಪರಿಚಿತ.

ಮುಳುಗಿ ಎದ್ದ ಮೋಟಾರು

ನೆರೆಯಲ್ಲಿ ದೋಣಿ ಮಗುಚಿ ಮೋಟಾರು ಮುಳುಗಿದರೆ? ಎತ್ತಿದ ಕೂಡಲೇ ಹಗ್ಗ ಎಳೆಯಬಾರದು. ನೀರು ಅದುಮಿಕೊಳ್ಳುವುದಿಲ್ಲ, ಉರುಳೆಯಲ್ಲಿ ನೀರಿದ್ದರೆ ಕನೆಕ್ಟಿಂಗ್ ರಾಡ್ ಬಾಗಬಹುದು. ಪ್ಲಗ್ ಬಿಚ್ಚಿ, ರಂಧ್ರ ಕೆಳಗಾಗುವಂತೆ ಮಲಗಿಸಿ, ಫ್ಲೈವೀಲನ್ನು ಕೈಯಿಂದ ಮೆಲ್ಲಗೆ ತಿರುಗಿಸಿ ನೀರು ಬಸಿಯಬೇಕು. ಮರಳು ಕರಕರ ಎಂದರೆ ಅಲ್ಲಿಗೇ ನಿಲ್ಲಿಸಿ, ಶುದ್ಧ ನೀರಿನಲ್ಲಿ ತೊಳೆಯಬೇಕು. ಕೆಲವೇ ಗಂಟೆಗಳಲ್ಲಿ ಒಣಗಿಸಿ, ಎಣ್ಣೆ ಹಾಕಿ ಓಡಿಸಲಾಗದಿದ್ದರೆ ಅದನ್ನು ಮತ್ತೆ ಶುದ್ಧ ನೀರಿನಲ್ಲೇ ಮುಳುಗಿಸಿಡುವುದು ಲೇಸು. ವಿಚಿತ್ರವೆನಿಸಿದರೂ ಕಾರಣ ಸರಳ: ಒದ್ದೆ ಉಕ್ಕಿಗೆ ಗಾಳಿಯ ಆಕ್ಸಿಜನ್ ಧಾರಾಳವಾಗಿ ಸಿಕ್ಕಾಗ ತುಕ್ಕು ಬಹುಬೇಗ ಹಿಡಿಯುತ್ತದೆ, ನೀರಿನೊಳಗೆ ಅದು ಸಿಗುವುದು ಅಲ್ಪ.

ಉಗ್ರಾಣದ ಮೋಟಾರನ್ನು ತಿಂಗಳಿಗೊಮ್ಮೆ ಹೊತ್ತಿಸಿ ನೋಡಬೇಕು. ಅದಕ್ಕೆ ಹೊಳೆ ಬೇಡ, ಒಂದು ಪೀಪಾಯಿ ಅಥವಾ ನೀರಿನ ತೊಟ್ಟಿ ಸಾಕು. ತೊಟ್ಟಿಗೂ ಕನ್ನಡದಲ್ಲಿ ದೋಣಿ ಎಂಬ ಹೆಸರಿರುವುದು ಇಲ್ಲಿ ಒಪ್ಪುತ್ತದೆ! ಪ್ರೊಪೆಲ್ಲರಿನ ಮೇಲಿನ ನೀರುಹೀರುವ ಕಂಡಿಗಳು ಮುಳುಗಿರಲೇಬೇಕು. ತಂಪಿನ ನೀರೆತ್ತುವ ರಬ್ಬರ್ ಚಕ್ರ ಒಣಗಿ ತಿರುಗಿದರೆ ಸ್ವಲ್ಪ ಹೊತ್ತಿನಲ್ಲೇ ಸುಟ್ಟು ಹರಿಯುತ್ತದೆ. ಹೊತ್ತಿದೊಡನೆ ಮೋಟಾರಿನ ಮೈಯ ಸಣ್ಣ ತೂತಿನಿಂದ ನೀರಿನ ಎಳೆ ಚಿಮ್ಮಬೇಕು. ಚಿಮ್ಮದಿದ್ದರೆ ಕೂಡಲೇ ನಿಲ್ಲಿಸಿ. ಐದು ನಿಮಿಷ ಓಡಿದ ಮೇಲೆ ಇಂಧನದ ಕೊಳವೆ ಕಳಚಿ, ಬಟ್ಟಲಿನ ಪೆಟ್ರೋಲು ತೀರಿ ತಾನಾಗಿಯೇ ಆರುವವರೆಗೆ ಬಿಡಿ. ಟ್ಯಾಂಕಿನಲ್ಲಿ ಉಳಿದದ್ದನ್ನು ಮುಂದಿನ ತಿಂಗಳಿಗೆ ಇಡದೆ ಸ್ಪ್ರೇಯರಿಗೆ ಬಳಸಿಬಿಡಿ. ಎರಡರ ಎಣ್ಣೆಯ ಪ್ರಮಾಣ ಒಂದೇ ಆಗಿದೆಯೇ ಎಂದು ಮಾತ್ರ ಕೈಪಿಡಿಯಲ್ಲಿ ನೋಡಿಕೊಳ್ಳಿ.