ತುಕ್ಕಿನಲ್ಲಿ ಉಳಿದ ದನಿ

ಹಾಡು ಕೇಳುವುದು ಇಷ್ಟು ಸುಲಭವಾದ ಕಾಲ ಹಿಂದೆಂದೂ ಇರಲಿಲ್ಲ. ಅಂಗೈಯಗಲದ ಮೊಬೈಲಿಗೆ ಹೆಸರು ಹೇಳಿದರೆ ಸಾಕು, ಪಿ. ಕಾಳಿಂಗರಾಯರಿಂದ ಹಿಡಿದು ಮೊನ್ನೆ ತೆರೆಕಂಡ ಚಿತ್ರದ ಹಾಡಿನವರೆಗೆ ಎಲ್ಲವೂ ಹಾಜರು. 2012ರಲ್ಲಿ ಬೈರೂತಿನಲ್ಲಿ ಹುಟ್ಟಿದ ಸಂಗೀತ ಸಂಸ್ಥೆ ‘ಅಂಘಾಮಿ’ 2021ರಲ್ಲಿ ತನ್ನ ಮುಖ್ಯ ಕಚೇರಿಯನ್ನು ಅಬುಧಾಬಿಗೇ ತಂದಿತು. ‘ಸ್ಪಾಟಿಫೈ’ 2018ರಲ್ಲೇ ಈ ನಾಡಿಗೆ ಕಾಲಿಟ್ಟಿತ್ತು. ಇಷ್ಟೆಲ್ಲ ಇರುವಾಗ ಹಳೆಯ ಕ್ಯಾಸೆಟ್ಟಿನ ಮಾತೇಕೆ ಎಂದು ಓದುಗ ಮಿತ್ರರು ಕೇಳಬಹುದು. ಕಾರಣವಿದೆ. ನಮ್ಮಲ್ಲಿ ಅನೇಕರ ಮನೆಯ ಅಟ್ಟದ ಮೇಲೆ, ಮಂಚದಡಿಯ ಪೆಟ್ಟಿಗೆಯಲ್ಲಿ, ಯಾವ ಮೊಬೈಲಿನಲ್ಲೂ ಸಿಗದ ಕೆಲವು ದನಿಗಳಿವೆ. ಅವು ವರ್ಷ ವರ್ಷವೂ ಸವೆಯುತ್ತಿವೆ. ರಸಾಯನಶಾಸ್ತ್ರ ನಮ್ಮ ಕಸುಬಾದ್ದರಿಂದ, ಅದು ಏಕೆ ಹೀಗೆ, ಮಾಡುವುದೇನು ಎಂದು ಹೇಳಲು ಈ ನಾಲ್ಕು ಮಾತು.

ಮೊದಲು ತುಸು ಇತಿಹಾಸ. ಫಿಲಿಪ್ಸ್ ಸಂಸ್ಥೆ 1963ರಲ್ಲಿ ಬರ್ಲಿನ್ನಿನ ರೇಡಿಯೋ ಪ್ರದರ್ಶನದಲ್ಲಿ ಪುಟ್ಟ ಕ್ಯಾಸೆಟ್ಟನ್ನು ಲೋಕದ ಮುಂದಿಟ್ಟಿತು. ಎಮಿರೇಟುಗಳ ಒಕ್ಕೂಟ ಹುಟ್ಟಿದ್ದು 1971ರ ಡಿಸೆಂಬರ್ 2ರಂದು. ಎರಡೂ ಜೊತೆಜೊತೆಗೇ ಬೆಳೆದವು ಎನ್ನಬಹುದು. 1973ರಲ್ಲಿ ತೈಲದ ಬೆಲೆ ಏರಿ ಇಲ್ಲಿ ಕಟ್ಟಡಗಳು ಏಳತೊಡಗಿದಾಗ ಅವಿಭಜಿತ ದಕ್ಷಿಣ ಕನ್ನಡದಿಂದ, ಭಟ್ಕಳದಿಂದ, ಕಾಸರಗೋಡಿನಿಂದ ನಮ್ಮವರು ಬಂದರು. ರಜೆಯಲ್ಲಿ ಊರಿಗೆ ಹೊರಟವರ ಸಾಮಾನಿನಲ್ಲಿ ‘ಟೂ ಇನ್ ಒನ್’ ಇರಲೇಬೇಕು. ರೇಡಿಯೋ ಕೂಡ ಹಾಡುತ್ತದೆ, ಗ್ರಾಮಫೋನು ಕೂಡ ಹಾಡುತ್ತದೆ. ಆದರೆ ಈ ಪೆಟ್ಟಿಗೆಗೆ ಇನ್ನೊಂದು ಗುಂಡಿಯಿತ್ತು. ಅದನ್ನೊತ್ತಿದರೆ ಪೆಟ್ಟಿಗೆಯೇ ನಮ್ಮ ಮಾತಿಗೆ ಕಿವಿಗೊಡುತ್ತಿತ್ತು!

ಆ ಗುಂಡಿಯಿಂದ ಆದ ಉಪಕಾರ ಅಷ್ಟಿಷ್ಟಲ್ಲ. ಟ್ರಂಕ್ ಕಾಲ್ ದುಬಾರಿ. ಊರಿನ ಮನೆಗಳಲ್ಲಿ ಫೋನೇ ಅಪರೂಪ. ಓದು ಬಾರದ ತಾಯಿಗೆ ಕಾಗದ ಬರೆದರೆ ನೆರೆಮನೆಯವರು ಓದಿ ಹೇಳಬೇಕು. ಗುಟ್ಟು ಊರಿಗೆಲ್ಲ ಡಂಗುರ. ಕ್ಯಾಸೆಟ್ಟು ಈ ಕಷ್ಟ ಕಳೆಯಿತು. ಹೊರಟವರ ಕೈಯಲ್ಲಿ ಒಂದು ‘ಸಿ-60’ ಕೊಟ್ಟು ಕಳುಹಿಸಿದರೆ, ತಿಂಗಳೆರಡು ತಿಂಗಳಲ್ಲಿ ಅದರ ಇನ್ನೊಂದು ಮಗ್ಗುಲಿನಲ್ಲಿ ಉತ್ತರ ಬರುತ್ತಿತ್ತು. ತಾಯಿಯ ಬುದ್ಧಿವಾದ, ತಂದೆ ಇನ್ನೂ ಕಾಣದ ಮಗುವಿನ ತೊದಲು, ನಡುನಡುವೆ ಕೋಳಿಯ ಕೂಗು, ಮಾಡಿನ ಮೇಲೆ ಸುರಿವ ಮಳೆ. ನೆರೆಯ ಮಲಯಾಳಿಗಳಲ್ಲಿ ಎಸ್. ಎ. ಜಮೀಲರ ‘ದುಬೈ ಕತ್ತ್ ಪಾಟ್ಟು’ ಎಂಬ ಪತ್ರರೂಪದ ಹಾಡು ಆ ಕಾಲದಲ್ಲಿ ಮನೆಮಾತಾದದ್ದು ಸುಮ್ಮನೆ ಅಲ್ಲ.

ಸಂಗೀತದ ಕಥೆಯೂ ಹೀಗೆಯೇ. 1978ರಲ್ಲಿ ನಿಸಾರ್ ಅಹಮದರ ಕವನಗಳಿಗೆ ಮೈಸೂರು ಅನಂತಸ್ವಾಮಿಯವರು ರಾಗ ಹಾಕಿದ ‘ನಿತ್ಯೋತ್ಸವ’ ಕ್ಯಾಸೆಟ್ಟಾಗಿ ಬಂದಿತು. ಅಲ್ಲಿಂದ ಮುಂದೆ ಭಾವಗೀತೆ ಕಡಲು ದಾಟುವುದಕ್ಕೆ ಗಾಯಕರೇ ಬರಬೇಕೆಂದಿರಲಿಲ್ಲ. ಒಂದು ಕೋಣೆಯಲ್ಲಿ ಆರೆಂಟು ಮಂದಿ, ಎಲ್ಲರಿಗೂ ಸೇರಿ ಒಂದೇ ಸೆಟ್ಟು ಎಂದು ಹಿರಿಯರು ನೆನೆಯುತ್ತಾರೆ. ಇಂದು ನಿನ್ನ ಸರದಿ, ನಾಳೆ ನನ್ನದು. ತುಳುವನಿಗೆ ಮಾಪಿಳ್ಳೆ ಹಾಡು ಬಾಯಿಪಾಠ, ಮಲಯಾಳಿಗೆ ರಾಜಕುಮಾರರ ಹಾಡಿನ ಪಲ್ಲವಿ ಪರಿಚಿತ. 1979ರಲ್ಲಿ ಸೋನಿಯವರ ‘ವಾಕ್‌ಮನ್’ ಬಂದು ಹಾಡನ್ನು ಒಬ್ಬೊಬ್ಬರ ಕಿವಿಗೆ ಕಟ್ಟಿತು. ಮೊಬೈಲು ಆ ಕೆಲಸವನ್ನು ಪೂರ್ತಿ ಮಾಡಿತು. ಇಂದು ಕೋಣೆಯಲ್ಲಿ ಆರು ಮಂದಿ ಇದ್ದರೆ ಆರು ಜೊತೆ ಇಯರ್‌ಫೋನು. ಜಗಳವಿಲ್ಲ, ನಿಜ. ಆದರೆ ಪಕ್ಕದವನು ಏನು ಕೇಳುತ್ತಿದ್ದಾನೆಂಬುದೂ ಗೊತ್ತಿಲ್ಲ.

ಇರಲಿ, ಪೆಟ್ಟಿಗೆಯೊಳಗಿನ ಟೇಪಿಗೆ ಬರೋಣ. ಈ ಪಟ್ಟಿಯ ಅಗಲ ನಾಲ್ಕು ಮಿಲಿಮೀಟರಿಗೂ ಕಡಿಮೆ. ಸೆಕೆಂಡಿಗೆ 4.76 ಸೆಂಟಿಮೀಟರ್ ವೇಗದಲ್ಲಿ ಓಡುವುದರಿಂದ, ಮಗ್ಗುಲಿಗೆ ಅರ್ಧ ಗಂಟೆಯ ಸಿ-60ರಲ್ಲಿ ಸುಮಾರು 86 ಮೀಟರ್ ಟೇಪು ಸುತ್ತಿರುತ್ತದೆ. ಅದರ ಬುಡ ಪಾಲಿಯೆಸ್ಟರ್ ಹಾಳೆ. ಅದರ ಮೇಲೆ ಕಬ್ಬಿಣದ ಆಕ್ಸೈಡಿನ, ಅಂದರೆ ತುಕ್ಕಿನ ಹತ್ತಿರದ ನಂಟನ, ಸೂಜಿಯಾಕಾರದ ಕಣಗಳು. ಮಿಲಿಮೀಟರನ್ನು ಎರಡು ಸಾವಿರ ಪಾಲು ಮಾಡಿದರೆ ಒಂದು ಪಾಲಿನಷ್ಟು ಉದ್ದ! ತಾಯಿಯ ದನಿ ಉಳಿದಿರುವುದು ಈ ಸೂಜಿಗಳ ಕಾಂತತ್ವದಲ್ಲಿ. ಸೂಜಿಗಳನ್ನು ಹಾಳೆಗೆ ಹಿಡಿದಿಟ್ಟಿರುವುದು ಪಾಲಿಯುರೆಥೇನ್ ಜಾತಿಯ ಒಂದು ಅಂಟು.

ಕಾಂತತ್ವ ಅಷ್ಟು ಬೇಗ ಹೋಗುವಂಥದಲ್ಲ. ಈ ಆಕ್ಸೈಡಿನ ಕಾಂತತ್ವ ಪೂರ್ತಿ ಅಳಿಯಲು 500 ಡಿಗ್ರಿಗೂ ಮೇಲಿನ ಶಾಖ ಬೇಕು. ಅದಕ್ಕಿಂತ ಬಹಳ ಮೊದಲೇ, ಬೇಸಿಗೆಯಲ್ಲಿ ನಿಲ್ಲಿಸಿದ ಕಾರಿನೊಳಗೆ, ಪ್ಲಾಸ್ಟಿಕ್ ಕವಚ ಸೊಟ್ಟಗಾಗುತ್ತದೆ. ನಿಜವಾದ ಶತ್ರು ನೀರು. ಗಾಳಿಯ ತೇವ ಅಂಟಿನ ಎಸ್ಟರ್ ಬಂಧಗಳನ್ನು ಕತ್ತರಿಸುತ್ತದೆ. ಕತ್ತರಿಸಿದಾಗ ಆಮ್ಲ ಹುಟ್ಟುತ್ತದೆ, ಆ ಆಮ್ಲ ಮುಂದಿನ ಕತ್ತರಿಗೆ ಸಾಣೆ ಹಿಡಿಯುತ್ತದೆ. ಈ ರೋಗ ದೊಡ್ಡ ಸ್ಪೂಲಿನ ಟೇಪುಗಳಲ್ಲಿ ಹೆಚ್ಚು, ಕ್ಯಾಸೆಟ್ಟಿನಲ್ಲಿ ಕಡಿಮೆ. ಆದರೂ ಕ್ಯಾಸೆಟ್ಟು ಪಾರಾಗಿಲ್ಲ. ಟೇಪನ್ನು ಹೆಡ್ಡಿಗೆ ಒತ್ತಿಹಿಡಿಯುವ ಪುಟ್ಟ ಮೆತ್ತೆ ಅಂಟು ಬಿಟ್ಟು ಬೀಳುತ್ತದೆ. ಟೇಪಿಗೆ ಒಳ್ಳೆಯದೆಂದರೆ 20 ಡಿಗ್ರಿಯ ತಂಪು, ಶೇಕಡಾ 30-40ರ ತೇವ. ಇಲ್ಲಿ ಕಡಲಂಚಿನ ಬೇಸಿಗೆಯ ರಾತ್ರಿಗಳಲ್ಲಿ ತೇವ ಶೇಕಡಾ 80 ದಾಟುವುದುಂಟು. ಊರಿನ ಕರಾವಳಿಯಲ್ಲಂತೂ ಆಷಾಢದ ಮಳೆಗೆ ಚಪ್ಪಲಿಗೇ ಬೂಷ್ಟು ಹಿಡಿಯುತ್ತದೆ, ಟೇಪು ಬಿಟ್ಟೀತೇ?

ಸಿನಿಮಾ ಹಾಡಿನ ಕ್ಯಾಸೆಟ್ಟು ಹಾಳಾದರೆ ಚಿಂತೆಯಿಲ್ಲ. ಅದು ಬೇರೆ ಕಡೆ ಸಿಗುತ್ತದೆ. ಪೇಟೆಯಲ್ಲಿ ಮಾರಾಟವಾಗುವುದನ್ನು ಪೇಟೆಯೇ ಕಾಯುತ್ತದೆ. ಮಾರಾಟಕ್ಕಿಲ್ಲದ್ದನ್ನು ಕಾಯುವವರು ಯಾರು? ಬಡಗುತಿಟ್ಟಿನ ಭಾಗವತ ಗುಂಡ್ಮಿ ಕಾಳಿಂಗ ನಾವುಡರು 1990ರಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡಾಗ ಮೂವತ್ತರ ಆಸುಪಾಸಿನವರು. ಅವರ ಪದ ಇಂದಿನ ಹುಡುಗರಿಗೂ ಕೇಳಸಿಗುತ್ತಿದ್ದರೆ, ರಂಗಸ್ಥಳದ ಎದುರು ಟೇಪ್ ರೆಕಾರ್ಡರ್ ಇಟ್ಟುಕೊಂಡು ಬೆಳಗಿನವರೆಗೆ ಕುಳಿತ ರಸಿಕರಿಗೂ, ಆ ಟೇಪುಗಳನ್ನು ಜೋಪಾನವಾಗಿ ಪ್ರತಿ ಮಾಡಿದವರಿಗೂ ಅದರ ಪುಣ್ಯದ ಒಂದು ಪಾಲು ಸಲ್ಲಬೇಕು. ಅಜ್ಜಿಯ ಜೋಗುಳ, ಅಮ್ಮನ ಶೋಭಾನೆ ಪದ, ಮನೆಯಂಗಳದ ತಾಳಮದ್ದಲೆ, ಇವುಗಳಿಗೆ ಅಷ್ಟು ರಸಿಕರಿಲ್ಲ. ಇರುವವರು ನಾವೇ.

ಇನ್ನು ಮಾಡುವುದೇನು? ಸಿಕ್ಕ ಕ್ಯಾಸೆಟ್ಟನ್ನು ಥಟ್ಟನೆ ಯಂತ್ರಕ್ಕೆ ತುರುಕಬೇಡಿ. ಬೂಷ್ಟು ಕಂಡರೆ ಬೇರೆಯಾಗಿಟ್ಟು, ತಿಳಿದವರಿಗೆ ತೋರಿಸಿ. ಮೇಲಂಚಿನ ಎರಡು ಪುಟ್ಟ ಕಿವಿಗಳನ್ನು ಮುರಿದುಬಿಡಿ; ಕೈತಪ್ಪಿ ಅಳಿಸಿಹೋಗುವ ಭಯ ತಪ್ಪುತ್ತದೆ. ಯಂತ್ರದ ಹೆಡ್ಡನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿದ ಹತ್ತಿಯಿಂದ ಒರಸಿ. ಟೇಪನ್ನು ಒಮ್ಮೆ ಕೊನೆಯವರೆಗೆ ಸುತ್ತಿ, ಮರಳಿ ಸುತ್ತಿ, ಆಮೇಲೆ ನುಡಿಸಿ. ಕವಚ ಮುರಿದಿದ್ದರೆ ಸ್ಕ್ರೂ ಇರುವ ಇನ್ನೊಂದು ಕವಚಕ್ಕೆ ಟೇಪನ್ನು ದಾಟಿಸಬಹುದು. ಅಂಟಾದ ಟೇಪನ್ನು ಹದವಾದ ಬಿಸಿಯಲ್ಲಿ ಒಣಗಿಸುವ ವಿಧಾನವೊಂದಿದೆ. ಅದು ಪರಿಣತರ ಕೆಲಸ, ಅಡುಗೆಮನೆಯ ಓವನ್ನಿನದಲ್ಲ.

ಕಂಪ್ಯೂಟರಿಗೆ ಇಳಿಸುವಾಗ ಸಿ.ಡಿ.ಯ ಮಟ್ಟ ಸಾಕು: ಸೆಕೆಂಡಿಗೆ 44,100 ಮಾದರಿ, 16 ಬಿಟ್. ಒಂದು ಗಂಟೆಗೆ 635 ಮೆಗಾಬೈಟ್ ಬೇಕಾಗುತ್ತದೆ. ‘ಎಂಪಿ3’ ಮಾಡಿದರೆ 58ಕ್ಕೆ ಇಳಿಯುತ್ತದೆ. ನೆಂಟರಿಗೆ ಕಳಿಸಲು ಅದು ಸರಿ, ಕಾಪಿಡಲು ಮೂಲವೇ ಇರಲಿ. ಮೂರು ಪ್ರತಿ ಮಾಡಿ, ಒಂದನ್ನು ಬೇರೆ ಊರಿನಲ್ಲಿಡಿ. ಎಲ್ಲಕ್ಕಿಂತ ಮುಖ್ಯ, ಯಾರ ದನಿ, ಯಾವ ವರ್ಷ ಎಂದು ಬರೆದಿಡಿ. ಗುರುತು ಹೇಳಬಲ್ಲ ಹಿರಿಯರು ಇರುವಾಗಲೇ ಕೇಳಿ. ಹೆಸರಿಲ್ಲದ ದನಿ ಮೊಮ್ಮಕ್ಕಳಿಗೆ ಬರಿಯ ಸದ್ದು.

ವಾಟ್ಸಾಪಿನಲ್ಲಿ 2013ರಿಂದ ದನಿಸಂದೇಶ ಕಳಿಸುತ್ತಿದ್ದೇವೆ. ಅದು ಆ ಕ್ಯಾಸೆಟ್ಟು ಕಾಗದದ ಮೊಮ್ಮಗಳೇ ಸರಿ. ಆದರೆ ಮೊಬೈಲು ಕಳೆದರೆ, ಕೆಟ್ಟರೆ, ಸದ್ದಿಲ್ಲದೆ ಹೋಗುತ್ತದೆ. ಅಟ್ಟದ ಮೇಲೂ ಉಳಿಯುವುದಿಲ್ಲ. ಅದಕ್ಕೂ ಮೇಲಿನ ಮಾತೇ ಅನ್ವಯ.

1970ರ ದಶಕದ ಟೇಪುಗಳಿಗೆ ಐವತ್ತು ತುಂಬುತ್ತಿದೆ. ನುಡಿಸುವ ಯಂತ್ರಗಳೂ, ಅವನ್ನು ರಿಪೇರಿ ಮಾಡುವ ಕೈಗಳೂ ಕಡಿಮೆಯಾಗುತ್ತಿವೆ. ಈ ರಜೆಯಲ್ಲಿ ಊರಿಗೆ ಹೋದವರು ಅಟ್ಟ ಹತ್ತಿ ನೋಡಬೇಕೆಂದು ಪ್ರಾರ್ಥನೆ. ಸಿಕ್ಕಿದ್ದನ್ನು ಸಂಘದ ಮುಂದಿನ ಕೂಟಕ್ಕೆ ತನ್ನಿ. ಕೆಟ್ಟಿರದ ಒಂದು ಟೇಪ್ ರೆಕಾರ್ಡರು ನಮ್ಮಲ್ಲಿದೆ. ಇಳಿಸಿಕೊಡುವ ಕೆಲಸ ನಮಗಿರಲಿ.