ಜಮಖಾನದ ನಾಲ್ಕು ಮೂಲೆ ಮತ್ತು ಪ್ರಿಮಿಟಿವ್ ಐಡಿಯಲ್

ನವಲಗುಂದದ ಹೆಣ್ಣುಮಕ್ಕಳು ನೇಯುವ ಜಮಖಾನಕ್ಕೆ ಭೌಗೋಳಿಕ ಸೂಚ್ಯಂಕದ ಮಾನ್ಯತೆ ಇದೆ. ಚೌಕಾಕಾರದ ಒಂದು ಜಮಖಾನ ಹಾಸಿ, ಮೇಲಿನ ಎಡ ಮೂಲೆಗೆ ಗುರುತಿನ ದಾರ ಕಟ್ಟಿ. ಬಲಕ್ಕೆ ಕಾಲು ಸುತ್ತು ತಿರುಗಿಸಿ, ಆಮೇಲೆ ಎಡಬಲ ಅದಲುಬದಲಾಗುವಂತೆ ಮಗುಚಿ ಹಾಕಿ: ದಾರ ಮೊದಲಿದ್ದಲ್ಲಿಗೇ ಬರುತ್ತದೆ. ಮೊದಲು ಮಗುಚಿ ಆಮೇಲೆ ತಿರುಗಿಸಿದರೆ ಅದು ಕೆಳಗಿನ ಬಲ ಮೂಲೆಗೆ ಹೋಗಿರುತ್ತದೆ. ಒಂದರ ನಂತರ ಒಂದು ಮಾಡುವುದನ್ನೇ ಗುಣಾಕಾರ ಎಂದುಕೊಂಡರೆ, ಹಿಂದುಮುಂದಾದರೆ ಉತ್ತರವೇ ಬದಲಾಗುವ ಲೆಕ್ಕ ಇದು.

ತಿರುಗಿಸುವುದಕ್ಕೆ ‘ತಿ’, ಮಗುಚುವುದಕ್ಕೆ ‘ಮ’ ಎನ್ನೋಣ. ಏನೂ ಮಾಡದೆ ಬಿಡುವುದನ್ನೂ (ಅದಕ್ಕೆ ‘1’) ಸೇರಿಸಿ ಇವುಗಳಿಂದ ಒಟ್ಟು 8 ಚಲನೆಗಳು ಹುಟ್ಟುತ್ತವೆ. 3ತಿ − 2ಮ ಎಂಬಂತೆ ವಾಸ್ತವ ಸಂಖ್ಯೆಗಳೊಡನೆ ಅವನ್ನು ಕೂಡಿಸಿ ಕಳೆಯಲೂ ಬಿಟ್ಟರೆ 8 ಆಯಾಮದ ಒಂದು ರಿಂಗ್, ಅಂದರೆ ಕೂಡಿಸಿ, ಕಳೆದು, ಗುಣಿಸಬಹುದಾದ ವ್ಯವಸ್ಥೆ, ಸಿಗುತ್ತದೆ.

ಈಗ ಮೂಲೆಗಳ ಮೇಲೆ ಸಂಖ್ಯೆ ಬರೆಯಿರಿ. ನಾಲ್ಕೂ ಕಡೆ 1 ಇದ್ದರೆ ಏನು ಮಾಡಿದರೂ ಬದಲಾವಣೆಯಿಲ್ಲ. ಹಾಗಾಗಿ ತಿ − 1 ಅದನ್ನು ಸೊನ್ನೆ ಮಾಡುತ್ತದೆ. ಸುತ್ತಲೂ 1, −1, 1, −1 ಎಂದಿದ್ದರೆ ತಿ + 1 ಸೊನ್ನೆ ಮಾಡುತ್ತದೆ. ಸ್ವಾರಸ್ಯವಿರುವುದು ಮೂರನೆಯದರಲ್ಲಿ: a, b, −a, −b. ಎದುರುಬದುರು ಮೂಲೆಗಳಿಗೆ ವಿರುದ್ಧ ಚಿಹ್ನೆ. ಈ ಎರಡು ಆಯಾಮದ ಜಾಗವನ್ನು ಇನ್ನು ಒಡೆಯಲಾಗದು, ಏಕೆಂದರೆ ‘ತಿ’ ಅದರೊಳಗಿನ ಯಾವ ಗೆರೆಯನ್ನೂ ಇದ್ದಲ್ಲೇ ಬಿಡುವುದಿಲ್ಲ. ಹೀಗೆ ಒಡೆಯಲಾಗದ್ದೇ ಸರಳ ಮಾಡ್ಯೂಲ್. ಅರ್ಧ ಸುತ್ತಿಗೆ ಎಲ್ಲ ಚಿಹ್ನೆಗಳೂ ತಿರುವುಮುರುವು ಆಗುವುದರಿಂದ ಇಲ್ಲಿ ಸೊನ್ನೆ ಮಾಡುವುದು ತಿ² + 1.

ಒಂದು ಸರಳ ಮಾಡ್ಯೂಲನ್ನು ಪೂರ್ತಿ ಸೊನ್ನೆ ಮಾಡುವ ರಿಂಗಿನ ಸದಸ್ಯರೆಲ್ಲ ಸೇರಿದ ಗುಂಪೇ ಪ್ರಿಮಿಟಿವ್ ಐಡಿಯಲ್. ಎರಡು ಸದಸ್ಯರನ್ನು ಕೂಡಿಸಿದರೂ, ರಿಂಗಿನ ಯಾವುದೇ ಸದಸ್ಯದಿಂದ ಎಡಕ್ಕೋ ಬಲಕ್ಕೋ ಗುಣಿಸಿದರೂ ಫಲ ಗುಂಪಿನೊಳಗೇ ಉಳಿಯುತ್ತದೆ. ನಮ್ಮ ಮೂರನೆಯ ಗುಂಪಿಗೆ ತಿ² + 1 ಒಂದೇ ಬುನಾದಿ. ಅದನ್ನು ಸೊನ್ನೆಯೆಂದು ಎಣಿಸಿದರೆ ಉಳಿಯುವುದು 2×2 ಮಾತೃಕೆಗಳ ರಿಂಗ್. ಜಮಖಾನದ ರಿಂಗಿಗೆ ಇಂಥ ಐಡಿಯಲ್‌ಗಳು ಒಟ್ಟು 5. ಅವುಗಳಲ್ಲಿ ಉಳಿದ ಎರಡು ಐಡಿಯಲ್‌ಗಳು ಮೂಲೆಗಳ ಲೆಕ್ಕದಲ್ಲಿ ಕಾಣಿಸಿಕೊಳ್ಳುವುದೇ ಇಲ್ಲ.

ಪ್ರಿಮಿಟಿವ್ ಐಡಿಯಲ್‌ಗಳ ಸಿದ್ಧಾಂತವನ್ನು 1945ರಲ್ಲಿ ಕಟ್ಟಿಕೊಟ್ಟವರು ಗಣಿತಜ್ಞ ನಾಥನ್ ಜೇಕಬ್‌ಸನ್. ಗುಣಾಕಾರದ ಕ್ರಮ ಲೆಕ್ಕಕ್ಕೆ ಬಾರದ ರಿಂಗುಗಳಲ್ಲಿ ಪ್ರಿಮಿಟಿವ್ ಐಡಿಯಲ್ ಎಂದರೆ ಗರಿಷ್ಠ ಐಡಿಯಲ್ಲೇ (ಅದಕ್ಕಿಂತ ದೊಡ್ಡ ಐಡಿಯಲ್ ಎಂದರೆ ಇಡೀ ರಿಂಗ್ ಮಾತ್ರ), ಹೊಸ ಹೆಸರು ಬೇಕಿಲ್ಲ. ಜಮಖಾನದ ರಿಂಗ್ ಸೀಮಿತ ಆಯಾಮದ್ದಾದ್ದರಿಂದ ಇಲ್ಲೂ ಎರಡೂ ಒಂದೇ. ಆದರೆ ಅನಂತ ಆಯಾಮದ ಜಾಗದ ಮೇಲಿನ ಎಲ್ಲ ರೇಖೀಯ ಕ್ರಿಯೆಗಳ ರಿಂಗಿನಲ್ಲಿ ಹಾದಿ ಕವಲೊಡೆಯುತ್ತದೆ: ಅಲ್ಲಿ ಸೊನ್ನೆಯ ಐಡಿಯಲ್ ಪ್ರಿಮಿಟಿವ್ ಹೌದು, ಗರಿಷ್ಠ ಅಲ್ಲ. ಇನ್ನು, ಮಾಡ್ಯೂಲನ್ನು ಎಡದಿಂದ ಗುಣಿಸಿ ನೋಡುವುದೂ ಬಲದಿಂದ ಗುಣಿಸಿ ನೋಡುವುದೂ ಒಂದೇ ಎಂದುಕೊಳ್ಳುವಂತಿಲ್ಲ. ಸೊನ್ನೆಯ ಐಡಿಯಲ್ ಒಂದು ಕಡೆಯಿಂದ ಮಾತ್ರ ಪ್ರಿಮಿಟಿವ್ ಆಗಿರುವ ರಿಂಗೊಂದನ್ನು ಜಾರ್ಜ್ ಬರ್ಗ್‌ಮನ್ 1964ರಲ್ಲಿ ಕಟ್ಟಿ ತೋರಿಸಿದರು.