ಮಡ್ಡಿಯ ಹುಲ್ಲಿನಲ್ಲಿ ಪುರುಷರತ್ನ

ಪುರುಷರತ್ನ ವಯೊಲೆಟ್ ಕುಟುಂಬಕ್ಕೆ ಸೇರಿದ ಪುಟ್ಟ ಮೂಲಿಕೆ. ಹಿಮಾಲಯದ ಇಳಿಜಾರಿನಲ್ಲಿ, ನೀಲಗಿರಿಯ ಶೋಲಾ ಕಾಡಿನ ಅಂಚಿನಲ್ಲಿ ಅರಳುವ ನಿಜವಾದ ವಯೊಲೆಟ್‌ಗಳಿಗೆ ತಂಪು ಬೇಕು. ಹುಬ್ಬಳ್ಳಿ-ಧಾರವಾಡದ ಬೇಸಿಗೆ ಅವಕ್ಕೆ ಒಗ್ಗದು. ಇಲ್ಲಿ ಆ ಮನೆತನದ ಹೆಸರು ಉಳಿಸಿರುವುದು ಈ ಗಿಡ. ಮಡ್ಡಿಯ ಹುಲ್ಲು, ಹೊಲದ ಬದು, ಕುರುಚಲು ಕಾಡಿನ ಬಯಲು ಇದರ ನೆಲೆ. ಮುಂಗಾರು ಹಿಡಿದ ಮೇಲೆ ಕಟ್ಟಿಗೆಯಂಥ ಬುಡದಿಂದ ಚಿಗುರಿ ಹೂಬಿಡುತ್ತದೆ.

ಎತ್ತರ ಒಂದು ಗೇಣು, ಹೆಚ್ಚೆಂದರೆ ಎರಡು. ಎಲೆ ಕಿರಿದು, ಉದ್ದ. ಎಲೆಯ ಕಂಕುಳಲ್ಲಿ ಒಂದೊಂದೇ ಗುಲಾಬಿ-ನೇರಳೆ ಹೂ. ಎಸಳು ಐದು ಇದ್ದರೂ ಕಣ್ಣಿಗೆ ಬೀಳುವುದು ಒಂದೇ: ನಾಲ್ಕು ಮೇಲೆ ಮುದುಡಿಕೊಂಡಿರುತ್ತವೆ, ಕೆಳಗಿನದು ಸಲಿಕೆಯಂತೆ ಅಗಲವಾಗಿ ಚಾಚಿರುತ್ತದೆ. ತಮಿಳರು ಇದನ್ನು ‘ಓರಿದಳ್ ತಾಮರೈ’, ಅಂದರೆ ಒಂದೆಸಳಿನ ತಾವರೆ ಎಂದು ಕರೆದದ್ದು ಅದಕ್ಕೇ. ಬಹಳ ಚಂದದ ಹೆಸರು. ಹೂವಿಗೆ ಬರುವ ಸಣ್ಣ ಜೇನ್ನೊಣಗಳು ಕೂರಲು ಆ ಎಸಳೇ ಜಗಲಿ. ಮಕರಂದ ಅದರ ಬುಡದ ಪುಟ್ಟ ಚೀಲದಲ್ಲಿರುತ್ತದೆ.

ಕಾಯಿಯ ಚಮತ್ಕಾರ ಇನ್ನೂ ದೊಡ್ಡದು. ಜೋಳದ ಕಾಳಿಗಿಂತ ತುಸು ದಪ್ಪನಾದ ಗುಂಡು ಕಾಯಿ ಒಣಗಿ ಮೂರು ಹೋಳಾಗಿ ಬಿರಿಯುತ್ತದೆ. ಪ್ರತಿ ಹೋಳಿನ ಅಂಚುಗಳು ಒಳಕ್ಕೆ ಮಡಚಿಕೊಂಡು ಬೀಜವನ್ನು ಹಿಸುಕುತ್ತವೆ. ಬೆರಳ ನಡುವೆ ಒತ್ತಿದ ಒದ್ದೆ ಹುಣಸೆ ಬೀಜದಂತೆ ಅದು ಚಿಮ್ಮಿ ದೂರ ಬೀಳುತ್ತದೆ.

1753ರಲ್ಲಿ ಸಸ್ಯವಿಜ್ಞಾನಿ ಲಿನೇಯಸ್ ಇದಕ್ಕೆ ಕೊಟ್ಟ ಹೆಸರು ‘ವಯೊಲ ಎನ್ನಿಯಾಸ್ಪರ್ಮ’. ಎರಡನೆಯ ಪದಕ್ಕೆ ಒಂಬತ್ತು ಬೀಜದ್ದು ಎಂದರ್ಥ. ಮುಂದೆ ಸಸ್ಯವಿಜ್ಞಾನಿಗಳು ಇದನ್ನು ವಯೊಲ ಕುಲದಿಂದ ಹೊರಗಿಟ್ಟು ಅಯೋನಿಡಿಯಂ, ಹೈಬ್ಯಾಂಥಸ್, ಆಫ್ರೋಹೈಬ್ಯಾಂಥಸ್ ಎಂದು ಮನೆ ಬದಲಿಸುತ್ತ ಬಂದರು. ಕುಲ ಬದಲಾದರೂ ಒಂಬತ್ತು ಬೀಜದ ಗುರುತು ಉಳಿದಿದೆ.

ಪುರುಷರತ್ನ ಎಂಬ ಹೆಸರು ನಾಟಿವೈದ್ಯದಿಂದ ಬಂದದ್ದು. ಗಂಡಸರ ಶಕ್ತಿವರ್ಧಕವೆಂದೂ ಮೂತ್ರದ ತೊಂದರೆಗೆ ಮದ್ದೆಂದೂ ಇದಕ್ಕೆ ಹೆಸರಿದೆ. ಪ್ರಯೋಗಶಾಲೆಯ ಪರೀಕ್ಷೆಗಳು ಬಹುತೇಕ ಇಲಿಗಳ ಮೇಲೆ ನಡೆದಿವೆ. ಅಷ್ಟನ್ನೇ ನಂಬಿ ಬುಡಸಮೇತ ಕಿತ್ತು ಪುಡಿ ಮಾಡುವುದು ಸರಿಯಲ್ಲ. ವಿಜ್ಞಾನಿಗಳ ಗಮನ ಸೆಳೆದಿರುವುದು ಇದರಲ್ಲಿರುವ ಸೈಕ್ಲೋಟೈಡ್‌ಗಳು. ಸುಮಾರು 30 ಅಮೈನೋ ಆಮ್ಲಗಳು ಬಳೆಯಂತೆ ಸುತ್ತಿ, ಮೂರು ಗಂಧಕದ ಕೊಂಡಿಗಳಿಂದ ಬಿಗಿದುಕೊಂಡ ಪುಟ್ಟ ಪ್ರೋಟೀನುಗಳಿವು. ಎಲೆ ಮೇಯುವ ಕೀಟಗಳನ್ನು ದೂರವಿಡಲು ವಯೊಲೆಟ್ ಕುಟುಂಬದ ಗಿಡಗಳು ಇವನ್ನು ತಯಾರಿಸುತ್ತವೆ.

ಆದರೆ ಒಂದು ಚಿಟ್ಟೆಯ ಮರಿಗಳು ಇದೇ ಎಲೆಯನ್ನು ತಿಂದು ಬೆಳೆಯುತ್ತವೆ. ಕಿತ್ತಳೆ ರೆಕ್ಕೆಯ ಮೇಲೆ ಕಪ್ಪು ಚುಕ್ಕೆಗಳ ಟಾನಿ ಕಾಸ್ಟರ್ ಅದು. ಕೀಟವಿಜ್ಞಾನಿ ಫ್ಯಾಬ್ರಿಸಿಯಸ್ ಹದಿನೆಂಟನೆಯ ಶತಮಾನದಲ್ಲಿ ಅದಕ್ಕೆ ‘ವಯೊಲೆ’ ಎಂದೇ ಹೆಸರಿಟ್ಟಿದ್ದ. ಹಿಡಿದರೆ ಹಳದಿ ಕೆಟ್ಟ ರಸ ಒಸರುವುದರಿಂದ ಹಕ್ಕಿಗಳು ಅದರ ತಂಟೆಗೆ ಹೋಗುವುದು ಕಡಿಮೆ, ಹಾಗಾಗಿ ಅದರ ಹಾರಾಟ ನಿಧಾನ. ಹುಲ್ಲಿನ ನಡುವೆ ಹೂ ಕಾಣದ ದಿನ, ನೆಲಕ್ಕೆ ಹತ್ತಿರವಾಗಿ ತೇಲುವ ಆ ಹೆಣ್ಣು ಚಿಟ್ಟೆ ಎಲ್ಲಿ ಕುಳಿತು ಮೊಟ್ಟೆಯಿಡುತ್ತದೆಯೋ ಅಲ್ಲಿ ಹುಡುಕಿದರೆ ಪುರುಷರತ್ನ ಸಿಗಬಹುದು.